ಘಾನಾ ಟೂರ್ ಮಾಡೋದಾದ್ರೆ ಕೋಟೆಯಿಂದ ಶುರು ಮಾಡ್ಬೇಡಿ

ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೆರಿಟೇಜ್ ಟೂರ್ ಅಂತ ಹುಡುಕಿದ್ರೆ ಸಿಗೋ ಪ್ಯಾಕೇಜ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ರಾಜಧಾನಿ ಆಕ್ರಾದಲ್ಲಿ ಇಳೀರಿ, ಮಾರನೇ ದಿನ ಕೇಪ್ ಕೋಸ್ಟ್ ಕೋಟೆ, ಪಕ್ಕದಲ್ಲೇ ಎಲ್ಮಿನಾ ಕೋಟೆ (ಗುಲಾಮರನ್ನ ಹಡಗು ಹತ್ತಿಸೋ ಮುಂಚೆ ಕೂಡಿಹಾಕ್ತಿದ್ದ ಕರಾವಳಿ ಕೋಟೆಗಳಿವು), ಟೈಮ್ ಉಳಿದ್ರೆ ಒಳನಾಡಿನ ಕುಮಾಸಿ, ವಾಪಸ್. ಕೋಟೆ ನೋಡಿದ ಮೇಲೆ ಬೇರೆ ಏನು ನೋಡೋಕೂ ಮನಸ್ಸು ಬರಲ್ಲ, ಕುಮಾಸಿ ಬರೀ ಶಾಪಿಂಗ್ ಆಗೋಗತ್ತೆ. ಅದಕ್ಕೇ ನಾನು ಯಾರೇ ಕೇಳಿದ್ರೂ ಹೇಳೋದು ಇದನ್ನ ಉಲ್ಟಾ ಮಾಡಿ ಅಂತ. ಗುಲಾಮರಾಗಿ ಸಾಗಿಸಿದ ಜನರನ್ನ ಒಳನಾಡಿಂದ ಸಮುದ್ರದ ಕಡೆ ನಡೆಸ್ಕೊಂಡು ಬಂದಿದ್ದು, ನಾವೂ ಅದೇ ದಿಕ್ಕಲ್ಲಿ ಬರೋಣ. ಮೊದ್ಲು ಕುಮಾಸಿ, ಆಮೇಲೆ ದಾರಿಯಲ್ಲಿ ಗುಲಾಮರಿಗೆ ಕೊನೇ ಸ್ನಾನ ಮಾಡಿಸ್ತಿದ್ದ ಅಸಿನ್ ಮಾನ್ಸೊ, ಕೊನೆಗೆ ಕೋಟೆಗಳು. ರಸ್ತೆ ಕೂಡ ಹಂಗೇ ಇದೆ, ಸುತ್ತು ಹಾಕ್ಬೇಕಾಗಿಲ್ಲ.

ಮೊದಲನೇ ಕೆಲಸ ಸೂಜಿ

ಟಿಕೆಟ್‌ಗಿಂತ ಮುಂಚೆ ಯೆಲ್ಲೋ ಫೀವರ್ ಲಸಿಕೆ. ಇದು ಎಲ್ಲ ಕ್ಲಿನಿಕ್ಕಲ್ಲೂ ಸಿಗಲ್ಲ, ಸರ್ಕಾರ ಗೊತ್ತುಮಾಡಿರೋ ಸೆಂಟರಲ್ಲೇ ಹಾಕಿಸ್ಕೋಬೇಕು. ಬೆಂಗಳೂರಲ್ಲಿ ಇದೆ, ಆದ್ರೆ ಎಲ್ಲ ದಿನ ಹಾಕ್ತಾರೆ ಅಂದ್ಕೋಬೇಡಿ, ಮೊದ್ಲೇ ಫೋನ್ ಮಾಡಿ ಸ್ಲಾಟ್ ತಗೊಳ್ಳಿ. ಹಾಕಿಸ್ಕೊಂಡ 10 ದಿನ ಆದ್ಮೇಲೇ ಅಲ್ಲಿ ಕೊಡೋ ಹಳದಿ ಸರ್ಟಿಫಿಕೇಟ್ ಕಾರ್ಡಿಗೆ ಮಾನ್ಯತೆ, ಒಂದ್ಸಲ ಆದ್ರೆ ಜೀವನಪೂರ್ತಿ ನಡೆಯತ್ತೆ. ಕಾರ್ಡನ್ನ ಸೂಟ್‌ಕೇಸಿಗೆ ತುಂಬಬೇಡಿ, ಪಾಸ್‌ಪೋರ್ಟ್ ಜೊತೆ ಕೈಯಲ್ಲೇ ಇರ್ಲಿ. ಆಕ್ರಾ ಏರ್‌ಪೋರ್ಟಲ್ಲೂ ಕೇಳ್ತಾರೆ, ವಾಪಸ್ ಬರುವಾಗ ನಮ್ಮ ದೇಶದಲ್ಲೂ ಕೇಳ್ತಾರೆ, ಇಲ್ಲ ಅಂದ್ರೆ 6 ದಿನದವರೆಗೂ ಕ್ವಾರಂಟೈನ್ ಅಂತ ರೂಲ್ಸ್ ಇದೆ. ಮಲೇರಿಯಾ ಅಲ್ಲಿ ನಿಜವಾಗ್ಲೂ ಇದೆ, ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ಹೋಗೋ ಮುಂಚೆ ಶುರು ಮಾಡಿ ಬಂದ್ಮೇಲೂ ಸ್ವಲ್ಪ ದಿನ ತಗೋಬೇಕಾಗತ್ತೆ, ಮಧ್ಯೆ ಬಿಡೋ ಹಾಗಿಲ್ಲ.

ವೀಸಾ ಬೇಕು, ಡೆಲ್ಲಿಯಲ್ಲಿರೋ ಘಾನಾ ಹೈಕಮಿಷನ್ ಮೂಲಕ. ಬೆಂಗಳೂರಿಂದ ನೇರ ವಿಮಾನ ಇಲ್ಲ, ದುಬೈ ಥರ ಎಲ್ಲಾದ್ರೂ ಒಂದು ಕಡೆ ಬದಲಾಯಿಸಿ ಹೋಗೋದು. ನವೆಂಬರಿಂದ ಮಾರ್ಚ್ ಒಣ ಕಾಲ, ಸುತ್ತಾಡೋಕೆ ಸಲೀಸು. ಆದ್ರೆ ಡಿಸೆಂಬರ್ ಜನವರಿಯಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಅಂತ ಧೂಳುಗಾಳಿ ಬೀಸತ್ತೆ, ಗಂಟಲು ಒಣಗತ್ತೆ, ಫೋಟೋಗಳೆಲ್ಲ ಮಸುಕು ಮಸುಕು. ನಮ್ಮ ದುಂಡು ಮೂರು ಪಿನ್ನಿನ ಪ್ಲಗ್ ಎಷ್ಟೋ ಕಡೆ ಹಾಗೇ ಕೂರತ್ತೆ, ಬ್ರಿಟಿಷ್ ಥರದ ಚೌಕ ಪಿನ್ ಸಾಕೆಟ್ಟೂ ಇರೋದ್ರಿಂದ ಒಂದು ಅಡಾಪ್ಟರ್ ಇಟ್ಕೊಳ್ಳಿ.

ಆಪರೇಟರ್ ಹತ್ರ ಏನ್ ಕೇಳ್ಬೇಕು

ಎಸಿ ಗಾಡಿನಾ, ಬ್ರೇಕ್‌ಫಾಸ್ಟ್ ಸೇರಿದೆಯಾ ಅನ್ನೋದೆಲ್ಲ ಆಮೇಲೆ. ಮೊದಲನೇ ಪ್ರಶ್ನೆ, ಅಸಿನ್ ಮಾನ್ಸೊ ಲಿಸ್ಟಲ್ಲಿ ಇದೆಯಾ? ಎರಡನೇದು, ಕುಮಾಸಿಯಲ್ಲಿ ಎರಡು ರಾತ್ರಿ ಕೊಡ್ತೀರಾ? ಮೂರನೇದು, ನಾವು ಬರೋ ವಾರ ಅಕ್ವಾಸಿಡೆ ಇದೆಯಾ? ಅಕ್ವಾಸಿಡೆ ಅಂದ್ರೆ ಕುಮಾಸಿ ಕಡೆಯ ಅಶಾಂತಿ ಅನ್ನೋ ಜನಾಂಗದ ಪಂಚಾಂಗದ ಪ್ರಕಾರ ಆರು ವಾರಕ್ಕೊಮ್ಮೆ ಭಾನುವಾರ ಬರೋ ಹಬ್ಬ. ಅವತ್ತು ಕುಮಾಸಿ ಅರಮನೆ ಅಂಗಳದಲ್ಲಿ ರಾಜ ದೊಡ್ಡ ದೊಡ್ಡ ಛತ್ರಿಗಳ ಕೆಳಗೆ ಚಿನ್ನ ಹೇರ್ಕೊಂಡು ಕೂರ್ತಾರೆ, ಡೋಲು, ಕೊಂಬು, ಸಾಲುಸಾಲಾಗಿ ಬಂದು ಕೈಮುಗಿಯೋ ಪಾಳೇಗಾರರು. ಸಾಧ್ಯ ಆದ್ರೆ ಇಡೀ ಟ್ರಿಪ್ಪನ್ನೇ ಆ ಭಾನುವಾರದ ಸುತ್ತ ಕೂರಿಸಿ. ಈ ಮೂರಕ್ಕೂ ಸರಿಯಾಗಿ ಉತ್ತರ ಕೊಡದೆ ಬರೀ ಬೀಚ್ ರೆಸಾರ್ಟ್ ಫೋಟೋ ಕಳಿಸೋ ಏಜೆಂಟ್ ಆದ್ರೆ ಬೇರೆಯವರನ್ನ ನೋಡಿ. ಎಂಟು ಹತ್ತು ದಿನ ಇದ್ರೆ ಇಲ್ಲಿ ಹೇಳಿರೋದೆಲ್ಲ ಆರಾಮಾಗಿ ಮುಗಿಯತ್ತೆ, ಉತ್ತರದ ಲರಬಂಗಾ ಮಣ್ಣಿನ ಮಸೀದಿ, ಮೋಲೆ ಕಾಡು ಬೇಕು ಅಂದ್ರೆ ಇನ್ನೊಂದಿಷ್ಟು ದಿನ ಸೇರಿಸ್ಕೊಳ್ಳಿ.

ಕುಮಾಸಿ

ಆಕ್ರಾದಿಂದ ಸುಮಾರು 250 ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆನೂ ಬೇಡ, ರಸ್ತೆಯಲ್ಲಾದ್ರೆ ಟ್ರಾಫಿಕ್ ನಂಬದೆ ಅರ್ಧ ದಿನಕ್ಕಿಂತ ಜಾಸ್ತಿ ಇಟ್ಕೊಳ್ಳಿ. ಇದು ಅಶಾಂತಿ ರಾಜ್ಯದ ರಾಜಧಾನಿ, ರಾಜ ಈಗಲೂ ಇದಾರೆ, ಒಸೆಯ್ ಟುಟು 2, 1999ರಿಂದ ಪಟ್ಟದಲ್ಲಿರೋರು.

ಮೊದ್ಲು ಮನ್ಹಿಯಾ ಅರಮನೆ ಮ್ಯೂಸಿಯಂ. ಇದು ಸಿಂಪಲ್ ಆದ ಎರಡಂತಸ್ತಿನ ಮನೆ, ನೋಡಿ ಇಷ್ಟೇನಾ ಅನ್ಸತ್ತೆ, ಗೈಡ್ ಬಾಯಿ ಬಿಟ್ಮೇಲೆ ಅನ್ಸಲ್ಲ. 1874ರಲ್ಲಿ ಬ್ರಿಟಿಷರು ಕುಮಾಸಿಗೆ ನುಗ್ಗಿ ಅರಮನೆ ಲೂಟಿ ಮಾಡಿ ಸುಟ್ರು. 1896ರಲ್ಲಿ ರಾಜ ಒಂದನೇ ಪ್ರೆಂಪೆಯನ್ನೇ ಹಿಡಿದು ಗಡೀಪಾರು ಮಾಡಿದ್ರು, ಕೊನೆಗೆ ಸೇಶೆಲ್ಸ್ ದ್ವೀಪಕ್ಕೆ. 1900ರಲ್ಲಿ ಗವರ್ನರ್ ಹಾಡ್ಜ್‌ಸನ್ ಬಂದು ನಿಮ್ಮ ಚಿನ್ನದ ಪೀಠ ತಂದ್ಕೊಡಿ, ನಾನು ಕೂರ್ಬೇಕು ಅಂದ. ಆ ಪೀಠದ ಮೇಲೆ ರಾಜನೇ ಕೂರಲ್ಲ ರೀ, ಅದು ಇಡೀ ಜನಾಂಗದ ಜೀವ ಅಂತ ನಂಬಿಕೆ, ನೆಲಕ್ಕೂ ತಾಗಿಸಲ್ಲ. ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೇ ನಿಂತ್ರು. ಯುದ್ಧ ಸೋತ್ರು, ಅವರೂ ಸೇಶೆಲ್ಸ್‌ಗೇ ಹೋಗಿ ಅಲ್ಲೇ ತೀರ್ಕೊಂಡ್ರು, ಆದ್ರೆ ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗ್ಲೇ ಇಲ್ಲ. ಪ್ರೆಂಪೆ ವಾಪಸ್ ಬಂದಿದ್ದು 1924ರಲ್ಲಿ, ಅವರಿಗೋಸ್ಕರ ಮಾರನೇ ವರ್ಷ ಕಟ್ಟಿದ ಮನೆನೇ ಈ ಮ್ಯೂಸಿಯಂ. ಪ್ರೆಂಪೆ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

2024ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಚಿನ್ನದ ಒಡವೆ ಗಿಡವೆ ಎಲ್ಲ ಸೇರಿ 32 ವಸ್ತು ಇಲ್ಲಿಗೆ ಬಂತು, ವಾಪಸ್ ಕೊಟ್ಟಿದ್ದಲ್ಲ, ಸಾಲಕ್ಕೆ ಕೊಟ್ಟಿದ್ದು! ಅದೇ ವರ್ಷ ಅಮೆರಿಕದ ಫೌಲರ್ ಮ್ಯೂಸಿಯಂನವರು 7 ವಸ್ತುಗಳನ್ನ ಶಾಶ್ವತವಾಗಿ ಹಿಂದಿರುಗಿಸಿದ್ರು. ನೀವು ಹೋಗೋ ಹೊತ್ಗೆ ಸಾಲದ ವಸ್ತು ಇನ್ನೂ ಅಲ್ಲೇ ಇದಾವಾ ಅಂತ ಕೇಳ್ಕೊಂಡು ಹೋಗಿ.

ಗೈಡ್‌ಗೆ ಇನ್ನೊಂದು ಪ್ರಶ್ನೆ ಕೇಳಿ, ಮೆಲ್ಲಗೆ, ಮರ್ಯಾದೆಯಿಂದ: ಯುದ್ಧದಲ್ಲಿ ಹಿಡಿದ ಜನರನ್ನ ಕರಾವಳಿಗೆ ಮಾರ್ತಿದ್ದೋರಲ್ಲಿ ಅಶಾಂತಿಗಳೂ ಇದ್ರಲ್ವಾ? ಇದ್ರು. ಈ ಮಾತು ಕುಮಾಸಿಯಲ್ಲೇ ಕಿವಿಗೆ ಬಿದ್ದಿದ್ರೆ ಕೋಟೆಯಲ್ಲಿ ಕಥೆ ಪೂರ್ತಿಯಾಗಿ ಅರ್ಥ ಆಗತ್ತೆ.

ಮಾರನೇ ದಿನ ಬೊನ್ವಿರೆಗೆ, ಕೆಂಟೆ ಬಟ್ಟೆ ನೇಯೋ ಊರು. ಉದ್ದಕ್ಕೆ ಎಳೆದ ನೂಲಿನ ಆ ತುದಿಗೆ ಒಂದು ಭಾರ ಕಟ್ಟಿರ್ತಾರೆ, ಈ ತುದಿಯಲ್ಲಿ ಮರದ ಸಣ್ಣ ಮಗ್ಗ. ನೇಕಾರನ ಕಾಲು ನೋಡಿ: ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ದಾರ ಕಚ್ಕೊಂಡು ಒಂದ್ಸಲ ಬಲಗಾಲು, ಒಂದ್ಸಲ ಎಡಗಾಲು ಜಗ್ತಾ ಇರ್ತಾನೆ, ಅದರ ತಾಳಕ್ಕೆ ಕೈಯಲ್ಲಿ ಲಾಳಿ ಆ ಕಡೆ ಈ ಕಡೆ. ಬರೋದು ಸುಮಾರು ನಾಲ್ಕು ಇಂಚು ಅಗಲದ ಪಟ್ಟಿ ಅಷ್ಟೇ. ಅಂಥ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ ಅಕ್ಕಪಕ್ಕ ಹೊಲಿದ್ರೆ ಗಂಡಸರು ಹೊದೆಯೋ ಒಂದು ಬಟ್ಟೆ. ರೇಟ್ ಕೇಳಿ ಬೆಚ್ಚಿಬಿದ್ರೆ ಬರೀ ಒಂದು ಪಟ್ಟಿ ತಗೊಳ್ಳಿ, ಕೊಡ್ತಾರೆ. ಮಾರ್ಕೆಟಲ್ಲಿ ಸಸ್ತಾ ಸಿಗೋದು ಬಹುಪಾಲು ಪ್ರಿಂಟ್, ಮಗುಚಿ ನೋಡಿ, ಹಿಂಬದಿ ಬಣ್ಣ ಮಂಕಾಗಿದ್ರೆ ಗೊತ್ತಾಗೋಗತ್ತೆ. ಹತ್ತಿರದ ನ್ಟೊನ್ಸೊ ಊರಲ್ಲಿ ಮರದ ತೊಗಟೆ ಕುದಿಸಿ ಕಪ್ಪು ಬಣ್ಣ ಮಾಡಿ, ಸೋರೆಬುರುಡೆ ಕೆತ್ತಿದ ಅಚ್ಚಲ್ಲಿ ಬಟ್ಟೆ ಮೇಲೆ ಒತ್ತೋ ಅಡಿಂಕ್ರಾ ಕೆಲಸ ನಡೆಯತ್ತೆ. ಒಂದು ಗಂಟೆ ಸಾಕು.

ಊಟದ ಚಿಂತೆ ಇರೋರಿಗೆ

ಮೀನು, ಮಾಂಸ ತಿನ್ನೋರಿಗೆ ಏನೂ ತಾಪತ್ರಯ ಇಲ್ಲ. ಫೂಫು ಅಂತ ಕೊಡ್ತಾರೆ, ಮರಗೆಣಸು ಮತ್ತೆ ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿದ ಉಂಡೆ, ಸಾರಲ್ಲಿ ಅದ್ದಿ ನುಂಗೋದು, ಅಗಿಯೋ ಹಾಗಿಲ್ಲ. ಮುದ್ದೆ ತಿಂದು ಬೆಳೆದೋರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಸಸ್ಯಾಹಾರಿಗಳು 'ರೆಡ್ ರೆಡ್' ಕೇಳಿ, ತಾಳೆ ಎಣ್ಣೆಯಲ್ಲಿ ಮಾಡಿದ ಅಲಸಂದೆ ಕಾಳಿನ ಗೊಜ್ಜು, ಪಕ್ಕದಲ್ಲಿ ಕರಿದ ಬಾಳೆ. ಕೆಲವ್ರು ಅದಕ್ಕೂ ಮೀನು ಸೇರಿಸ್ತಾರೆ, ಆದ್ರಿಂದ ಮಾಂಸ ಇಲ್ಲ ಅಂದ್ರೆ ಸಾಲದು, ಮೀನೂ ಬೇಡ ಅಂತ ಬಿಡಿಸಿ ಹೇಳ್ಬೇಕು. ವಾಚೆ ಅಂದ್ರೆ ಅಕ್ಕಿ, ಅಲಸಂದೆ ಒಟ್ಟಿಗೆ ಬೇಯಿಸಿದ್ದು, ಜೋಳದ ಎಲೆ ಹಾಕಿ ಕೆಂಪು ಬಣ್ಣ ಬರಿಸ್ತಾರೆ, ಚೆನ್ನಾಗಿರತ್ತೆ. ಅದರ ಮೇಲೆ ಹಾಕೋ ಕಪ್ಪು ಚಟ್ನಿ ಶಿಟೊ, ಅದರಲ್ಲಿ ಒಣಮೀನು, ಸೀಗಡಿ ಇರತ್ತೆ. ಬೀದಿಬದಿ ಕೆಲೆವೆಲೆ, ಅಂದ್ರೆ ಶುಂಠಿ ಖಾರ ಹಚ್ಚಿ ಕರಿದ ಬಾಳೆಹಣ್ಣಿನ ತುಂಡು, ಸಂಜೆ ಬಿಡ್ಲೇಬೇಡಿ. ದುಡ್ಡು ಕೊಡೋದು, ತಗೊಳ್ಳೋದು, ಕೈ ಕುಲುಕೋದು ಎಲ್ಲ ಬಲಗೈಯಲ್ಲೇ. ಎಡಗೈ ಚಾಚಿದ್ರೆ ಅಲ್ಲೂ ಅವಮಾನವೇ.

ಅಸಿನ್ ಮಾನ್ಸೊ

ಕುಮಾಸಿಯಿಂದ ಕೇಪ್ ಕೋಸ್ಟ್‌ಗೆ ಹೋಗೋ ದಾರಿಯಲ್ಲೇ, ಸಮುದ್ರಕ್ಕೆ ಇನ್ನು ಸುಮಾರು 40 ಕಿಲೋಮೀಟರ್ ಇದೆ ಅನ್ನುವಾಗ ಬರತ್ತೆ. ಸಂಕೋಲೆಯಲ್ಲಿ ನಡೆಸ್ಕೊಂಡು ಬಂದ ಜನರಿಗೆ ಇಲ್ಲಿನ ಹೊಳೆಯಲ್ಲಿ ಕೊನೇ ಸ್ನಾನ ಮಾಡಿಸಿ, ಹೊಟ್ಟೆಗೆ ಹಾಕಿ, ವಿಂಗಡಿಸಿ ಮಾರ್ತಿದ್ರು. ಬಿದಿರು ಮೆಳೆ ಮಧ್ಯದ ದಾರಿಯಲ್ಲಿ ಹೊಳೆವರೆಗೂ ಎಷ್ಟೋ ಜನ ಚಪ್ಪಲಿ ಬಿಟ್ಟು ನಡೀತಾರೆ. ಹೊಳೆ ಚಿಕ್ಕದು. ಇಲ್ಲಿ ಎರಡು ಸಮಾಧಿ ಇದೆ: ಜಮೈಕಾ ಮತ್ತು ನ್ಯೂಯಾರ್ಕಿನಿಂದ 1998ರಲ್ಲಿ ತಂದ, ಗುಲಾಮರಾಗಿದ್ದ ಇಬ್ಬರ ಅಸ್ಥಿ. ಅವನ್ನ ಕೇಪ್ ಕೋಸ್ಟ್ ಕೋಟೆಯ ಸಮುದ್ರದ ಬಾಗಿಲಿಂದ ಒಳಗೆ ತಂದು ಆಮೇಲೆ ಇಲ್ಲಿ ಮಣ್ಣು ಮಾಡಿದ್ರು.

ನಿಮ್ಮ ಗುಂಪಲ್ಲಿ ಅಮೆರಿಕ, ಜಮೈಕಾ ಕಡೆಯ ಕಪ್ಪು ಜನ ಇರೋ ಸಾಧ್ಯತೆ ಜಾಸ್ತಿ. ಅವರಿಗೆ ಇದು ಟೂರಲ್ಲ, ಹಿರಿಯರ ಕಾರ್ಯ. ಅವರು ಮೊದ್ಲು ಹೋಗ್ಲಿ, ನೀವು ಹಿಂದೆ ನಿಲ್ಲಿ, ಅಳೋರ ಫೋಟೋ ತೆಗೀಬೇಡಿ, ಸೆಲ್ಫಿ ಅಂತೂ ಬೇಡ್ವೇ ಬೇಡ. ಹಾಗಂತ ನಮಗೂ ಇದಕ್ಕೂ ಸಂಬಂಧ ಇಲ್ಲ ಅಂತಲ್ಲ. ಯುರೋಪಿನ ಕಂಪನಿಗಳು ಜನರನ್ನ ಕೊಳ್ಳೋಕೆ ಕೊಡ್ತಿದ್ದ ಸಾಮಾನಲ್ಲಿ ಬಂದೂಕು, ಹೆಂಡದ ಜೊತೆ ಕೋರಮಂಡಲ ಕರಾವಳಿಯಲ್ಲಿ ನೇಯ್ದ ಹತ್ತಿ ಬಟ್ಟೆನೂ ಇತ್ತು, ವ್ಯಾಪಾರದಲ್ಲಿ ಅದಕ್ಕೆ 'ಗಿನಿ ಬಟ್ಟೆ' ಅಂತಲೇ ಹೆಸರು.

ಕೋಟೆಗಳು

ಕೇಪ್ ಕೋಸ್ಟ್, ಎಲ್ಮಿನಾ ಎರಡೂ ಕಡೆ ಟಿಕೆಟ್ ಜೊತೆಗೇ ಕೋಟೆಯ ಗೈಡ್ ಬರ್ತಾರೆ. ಒಂದೇ ದಿನ ಎರಡನ್ನೂ ತುರುಕಬೇಡಿ, ನಡುವೆ ಇರೋದು ಬರೀ ಹನ್ನೆರಡು ಹದಿಮೂರು ಕಿಲೋಮೀಟರೇ ಆದ್ರೂ.

ಕೇಪ್ ಕೋಸ್ಟ್ ಕೋಟೆ 1653ರಲ್ಲಿ ಸ್ವೀಡನ್‌ನವರು ಶುರು ಮಾಡಿದ್ದು, ಆಮೇಲೆ ಇಂಗ್ಲಿಷರ ಕೈಗೆ ಬಂದು ಬಿಳಿ ಬಣ್ಣದ ದೊಡ್ಡ ಕಟ್ಟಡ ಆಯ್ತು. ಗಂಡಸರ ನೆಲಮಾಳಿಗೆಗೆ ಇಳಿಜಾರಲ್ಲಿ ಇಳೀಬೇಕು, ಜಾರದ ಶೂ ಹಾಕ್ಕೊಳ್ಳಿ. ಗಾಳಿ, ಬೆಳಕು ಬರೋದು ಮೇಲೆಲ್ಲೋ ಇರೋ ಸಣ್ಣ ಕಿಂಡಿಯಿಂದ. ನೆಲದಲ್ಲಿ ಒಂದು ಕಡೆ ಕೆರೆದು ಹಳೇ ಇಟ್ಟಿಗೆ ತೋರಿಸ್ತಾರೆ, ಪಕ್ಕದಲ್ಲಿ ಕಪ್ಪಗೆ ಗಟ್ಟಿಯಾದ ಪದರ. ಅದು ಮಣ್ಣಲ್ಲ. ಮಲಮೂತ್ರ, ವಾಂತಿ, ರಕ್ತ ಜನರ ಕಾಲಡಿ ವರ್ಷಗಟ್ಟಲೆ ತುಳಿದು ತುಳಿದು ಗಟ್ಟಿಯಾಗಿರೋದು, ನೀವು ನಿಂತಿರೋದೂ ಅದರ ಮೇಲೇ. ಇದರ ಸರಿಯಾಗಿ ಮೇಲ್ಗಡೆ ಪ್ರಾರ್ಥನೆ ಮಾಡೋ ಚರ್ಚ್ ಇತ್ತು. ಮುಚ್ಚಿದ ಜಾಗ ಕಂಡ್ರೆ ಉಸಿರು ಕಟ್ಟೋರು ಗೈಡ್‌ಗೆ ಮೊದ್ಲೇ ಹೇಳಿ ಬಾಗಿಲ ಹತ್ರ ನಿಲ್ಲಿ, ಕೆಲವು ಗೈಡ್‌ಗಳು ಒಂದ್ ನಿಮಿಷ ಲೈಟ್ ಆರಿಸಿಬಿಡ್ತಾರೆ. ಕೊನೆಗೆ 'ಮರಳಿ ಬಾರದ ಬಾಗಿಲು', ಗುಲಾಮರನ್ನ ಹಡಗಿಗೆ ಕರ್ಕೊಂಡು ಹೋಗ್ತಿದ್ದ ಸಮುದ್ರದ ಬಾಗಿಲು. ತೆಗೆದ್ರೆ ಆ ಕಡೆ ಬಣ್ಣಬಣ್ಣದ ದೋಣಿ, ಬಲೆ ಹೊಲಿಯೋ ಮೀನುಗಾರರು, ಕೂಗಾಟ, ಫುಟ್‌ಬಾಲ್ ಆಡೋ ಹುಡುಗರು.

ಎಲ್ಮಿನಾ ಇನ್ನೂ ಹಳೇದು, 1482ರಲ್ಲಿ ಪೋರ್ಚುಗೀಸರು ಕಟ್ಟಿದ್ದು, 1637ರಲ್ಲಿ ಡಚ್ಚರು ಕಿತ್ಕೊಂಡ್ರು, 1872ರಲ್ಲಿ ಬ್ರಿಟಿಷರಿಗೆ ಬಂತು. ಹೆಂಗಸರ ಅಂಗಳದಲ್ಲಿ ನಿಂತು ಮೇಲೆ ನೋಡಿದ್ರೆ ಗವರ್ನರ್ ನಿಲ್ತಿದ್ದ ಬಾಲ್ಕನಿ. ಯಾಕೆ ನಿಲ್ತಿದ್ದ ಅಂತ ಗೈಡ್ ಹೇಳ್ತಾರೆ, ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ಯೋಚಿಸಿ ಕರ್ಕೊಂಡು ಹೋಗಿ. ಮೇಲಿನ ಒಂದು ಕೋಣೆಯಲ್ಲಿ, 1896ರಲ್ಲಿ ಸಮುದ್ರ ದಾಟಿಸೋ ಮುಂಚೆ, ರಾಜ ಪ್ರೆಂಪೆಯನ್ನ ಕೂಡಿಹಾಕಿದ್ರು. ಕುಮಾಸಿಯಲ್ಲಿ ಅವರ ಮನೆ ನೋಡಿ ಬಂದೋರಿಗೆ ಮಾತ್ರ ಆ ಖಾಲಿ ಕೋಣೆ ಏನಾದ್ರೂ ಹೇಳೋದು, ಕೋಟೆಗೇ ಮೊದ್ಲು ಬಂದೋರು ಬೋರ್ಡ್ ಓದಿ ಮುಂದೆ ಹೋಗ್ತಾರೆ.

ಕೋಟೆ ಹೊರಗೆ ಹುಡುಗರು ಫ್ರೆಂಡ್ಲಿಯಾಗಿ ಮಾತಾಡಿಸಿ ಹೆಸರು ಕೇಳ್ತಾರೆ, ವಾಪಸ್ ಬರೋ ಹೊತ್ಗೆ ನಿಮ್ಮ ಹೆಸರು ಬರೆದ ಚಿಪ್ಪೋ ಬಳೆಯೋ ರೆಡಿ, ದುಡ್ಡು ಕೊಡಿ ಅಂತ ಹಿಂದೆ ಬೀಳ್ತಾರೆ. ಬೇಡ ಅಂದ್ರೆ ಮೊದ್ಲೇ ನಗ್ತಾ ಬೇಡ ಅಂದ್ಬಿಡಿ.

ಉಳಿದಿದ್ದು ಆಕ್ರಾ

ಜೇಮ್ಸ್‌ಟೌನ್ ಬೀದಿಗಳು, ಲೈಟ್‌ಹೌಸ್, ಅಮೆರಿಕದಿಂದ ಬಂದು 1963ರಲ್ಲಿ ಇಲ್ಲೇ ತೀರಿಕೊಂಡ, ಕಪ್ಪು ಜನರ ಹಕ್ಕಿಗೆ ಹೋರಾಡಿದ ವಿದ್ವಾಂಸ ಡುಬಾಯ್ಸ್ ಅವರ ಮನೆ, ಇವಕ್ಕೆ ಒಂದು ದಿನ. ಘಾನಾದ ಮೊದಲ ಪ್ರಧಾನಿ ಕ್ವಾಮೆ ನ್ಕ್ರುಮಾ ಸ್ಮಾರಕ ಬಿಡ್ಬೇಡಿ, ಸ್ವಾತಂತ್ರ್ಯ ಬಂತು ಅಂತ ಅವರು 1957ರ ಮಾರ್ಚ್ 6ಕ್ಕೆ ಘೋಷಿಸಿದ್ದು ಅದೇ ಮೈದಾನದಲ್ಲಿ, ಅದು ಅದಕ್ಕೂ ಮುಂಚೆ ಬ್ರಿಟಿಷರು ಪೋಲೋ ಆಡ್ತಿದ್ದ ಜಾಗ. ಟೆಶಿ ಕಡೆ ಹೋದ್ರೆ ಮೀನು, ವಿಮಾನ, ಬೆಂಜ್ ಕಾರು ಆಕಾರದ ಶವಪೆಟ್ಟಿಗೆ ಮಾಡೋ ಬಡಗಿಗಳು ಸಿಗ್ತಾರೆ, ತೀರ್ಕೊಂಡೋರ ಕಸುಬಿಗೋ ಆಸೆಗೋ ತಕ್ಕ ಹಾಗೆ ಕೆತ್ತೋದು, ಫೋಟೋ ತೆಗೆಯೋ ಮುಂಚೆ ಕೇಳಿ, ಸ್ವಲ್ಪ ಸೆಡಿ (ಅಲ್ಲಿನ ದುಡ್ಡು) ಕೊಡಿ. ಏರ್‌ಪೋರ್ಟ್ ಊರೊಳಗೇ ಇದ್ರೂ ಸಂಜೆ ಟ್ರಾಫಿಕ್ ನಂಬೋ ಹಾಗಿಲ್ಲ, ಫ್ಲೈಟ್ ರಾತ್ರಿ ಇದ್ರೆ ಮಧ್ಯಾಹ್ನವೇ ಶಾಪಿಂಗ್ ಮುಗಿಸಿ ಹೊರಡಿ.