ಗಾಜಿನ ಬಟ್ಟೆಯ ಎಳೆಗಳನ್ನು ಸ್ಕ್ರಿಪ್ಟಿನಲ್ಲಿ ನೇಯುವುದು ಹೇಗೆ?

ಕಾರವಾರದ ಬೈತಕೋಲಿನಿಂದ ಕುಮಟೆಯ ತದಡಿಯವರೆಗೆ ನಮ್ಮ ಬಂದರುಗಳಲ್ಲಿ ಕಾಣುವ ಫೈಬರ್ ದೋಣಿಗಳಿಗೆ ಬಲ ಕೊಡುವುದು ಗಟ್ಟಿಯಾಗುವ ಅಂಟಾದ ರೆಸಿನ್ನಿನೊಳಗೆ ಹುದುಗಿರುವ ಗಾಜಿನ ನಾರು. ಆ ನಾರಿನ ನೇಯ್ದ ಬಟ್ಟೆಯನ್ನು ಕಂಪ್ಯೂಟರಿನಲ್ಲಿ ರೂಪಿಸಿ ಅದರ ಬಿಗಿತವನ್ನು ಲೆಕ್ಕ ಹಾಕಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೆಲಸವನ್ನು ನೋಡುತ್ತ ಬಂದಿದ್ದೇನೆ. ಪರದೆಯ ಮೇಲೆ ಚಿತ್ರ ಅಂದವಾಗಿಯೇ ಮೂಡಿರುತ್ತದೆ. ಆದರೆ ಕೊಯ್ದು ನೋಡಿದರೆ ಉದ್ದಕ್ಕೆ ಸಾಗುವ ಹಾಸಿನ ಎಳೆ ಅಡ್ಡ ಸಾಗುವ ಹೊಕ್ಕಿನ ಎಳೆಯೊಳಗೆ ತೂರಿಕೊಂಡಿರುತ್ತದೆ. ಒಂದೇ ಜಾಗದಲ್ಲಿ ಎರಡು ಎಳೆಗಳಿರುವ ಮಾದರಿಯಿಂದ ಬರುವ ಉತ್ತರವನ್ನು ನಂಬಿ ದೋಣಿ ಕಟ್ಟುವಂತಿಲ್ಲ.

ಸಾಧನವಾಗಿ ನಾನು ಸೂಚಿಸುವುದು ಟೆಕ್ಸ್‌ಜೆನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ತಂತ್ರಾಂಶ ಮುಕ್ತವಾಗಿ ಸಿಗುತ್ತದೆ ಮತ್ತು ಪೈಥಾನ್ ಭಾಷೆಯಲ್ಲಿ ಬರೆದ ಆದೇಶಗಳ ಪಟ್ಟಿಯಿಂದ, ಅಂದರೆ ಸ್ಕ್ರಿಪ್ಟಿನಿಂದ, ನಡೆಯುತ್ತದೆ. ಗುಂಡಿ ಒತ್ತಿ ನೇಯ್ಗೆ ಪಡೆಯುವ ಸಿದ್ಧ ಕಿಟಕಿಯೂ ಅದರಲ್ಲಿದೆ. ಕಲಿಯುವವರು ಅದನ್ನು ಬಳಸಲೇಬಾರದು, ಏಕೆಂದರೆ ಎಳೆ ಎಲ್ಲಿ ಹೇಗೆ ಬಾಗಿತೆಂಬುದು ಅಲ್ಲಿ ತಿಳಿಯುವುದಿಲ್ಲ.

ಮೊದಲು ಅಳತೆ

ಅಂಗೈಯಗಲದ ಬಟ್ಟೆ ಸಾಕು. ಮೊಬೈಲ್ ಫೋಟೋದಿಂದ ಅಳೆಯಬೇಡಿ, ಕೋನ ತುಸು ವಾಲಿದರೂ ಅಳತೆ ಕೆಡುತ್ತದೆ. ಸ್ಕ್ಯಾನರಿನಲ್ಲಿ 1200 ಡಿಪಿಐ (ಇಂಚಿಗೆ 1200 ಚುಕ್ಕೆ) ಇಟ್ಟರೆ ಒಂದು ಪಿಕ್ಸೆಲ್ ಸುಮಾರು 0.021 ಮಿ.ಮೀ. ಆಗುತ್ತದೆ. ದಪ್ಪಕ್ಕೆ, ಒತ್ತಡ ಮಿತಿ ಮೀರದಂತೆ ತಡೆಯುವ ರಾಚೆಟ್ ಇರುವ ಸ್ಕ್ರೂ ಗೇಜನ್ನೇ ಬಳಸಿ. ಪ್ಲಾಸ್ಟಿಕ್ ಕ್ಯಾಲಿಪರುಗಳು ಮೆತ್ತನೆಯ ಎಳೆಯನ್ನು ಹಿಸುಕಿ ಸುಳ್ಳು ಅಂಕಿ ಕೊಡುತ್ತವೆ.

ಉದಾಹರಣೆಗೆ, ಚದರ ಮೀಟರಿಗೆ 600 ಗ್ರಾಂ ತೂಗುವ ಸಾದಾ ನೇಯ್ಗೆಯ (ಪ್ರತಿ ಎಳೆ ಒಂದರ ಮೇಲೆ, ಮುಂದಿನದರ ಕೆಳಗೆ ಹಾಯುವ) ಬಟ್ಟೆಯಲ್ಲಿ ಹಾಸಿನ ಎಳೆಗಳಿಗೆ 300, ಹೊಕ್ಕಿನ ಎಳೆಗಳಿಗೆ 300 ಗ್ರಾಂ ಇದೆ ಎಂದುಕೊಳ್ಳೋಣ. ಎಳೆ 1200 ಟೆಕ್ಸ್ ಆಗಿದ್ದರೆ, ಅಂದರೆ ಒಂದು ಕಿಲೋಮೀಟರ್ ಎಳೆ 1200 ಗ್ರಾಂ ತೂಗಿದರೆ, ಮೀಟರಿಗೆ ಬರುವ 1.2 ಗ್ರಾಮನ್ನು 300ರಿಂದ ಭಾಗಿಸಿ ಎಳೆಗಳ ನಡುವಿನ ಅಂತರ 0.004 ಮೀಟರ್, ಅಂದರೆ 4 ಮಿ.ಮೀ. ಎಂದು ತಿಳಿಯಬಹುದು. ಸ್ಕ್ಯಾನರಿನ ಅಳತೆ ಇದಕ್ಕೆ ಹೊಂದದಿದ್ದರೆ ಮುಂದುವರಿಯದೆ ಮತ್ತೆ ಅಳೆಯಿರಿ. ಎಳೆಯ ಅಗಲ 3.6, ದಪ್ಪ 0.28 ಮಿ.ಮೀ. ಎಂದಿಟ್ಟುಕೊಳ್ಳೋಣ.

ಮಧ್ಯರೇಖೆ

ಎರಡು ಹಾಸು, ಎರಡು ಹೊಕ್ಕು ಸೇರಿದ 8 ಮಿ.ಮೀ. ಚೌಕವೇ ಬಟ್ಟೆಯುದ್ದಕ್ಕೂ ಮರುಕಳಿಸುವ ಮೂಲ ಘಟಕ. ಹಾಸಿನ ಎಳೆಯ ಮಧ್ಯರೇಖೆಗೆ, ಅಂದರೆ ಅದರ ನಡುವೆ ಉದ್ದಕ್ಕೂ ಸಾಗುವ ಗೆರೆಗೆ, 0, 4, 8 ಮಿ.ಮೀ.ಗಳಲ್ಲಿ ಬಿಂದುಗಳನ್ನಿಟ್ಟು, ಬಟ್ಟೆಯ ನಡುಮಟ್ಟದಿಂದ ಎತ್ತರವನ್ನು ಎಳೆಯ ಅರ್ಧ ದಪ್ಪದಂತೆ +0.14, −0.14, +0.14 ಎಂದು ಕೊಡಿ. ಆಯಾ ಸ್ಥಳದಲ್ಲಿ ದಾಟುವ ಹೊಕ್ಕಿಗೆ ಇದರ ವಿರುದ್ಧ ಚಿಹ್ನೆ. ಬಿಂದುಗಳನ್ನು ಜೋಡಿಸಲು ಆವರ್ತಕ ಕ್ಯೂಬಿಕ್ ಸ್ಪ್ಲೈನನ್ನು, ಅಂದರೆ ಎಲ್ಲ ಬಿಂದುಗಳನ್ನೂ ಹಾಯ್ದು ಘಟಕದಿಂದ ಘಟಕಕ್ಕೆ ನುಣುಪಾಗಿ ಮುಂದುವರಿಯುವ ವಕ್ರರೇಖೆಯನ್ನು, ಆರಿಸಿ, ಇಲ್ಲವಾದರೆ ಘಟಕದ ಅಂಚಿನಲ್ಲಿ ಎಳೆ ಮುರಿದಂತೆ ತಿರುಗುತ್ತದೆ.

ಎಡವುವ ಹಂತ: ಅಡ್ಡಛೇದ

1937ರಲ್ಲಿ ಜವಳಿ ಸಂಶೋಧಕ ಎಫ್. ಟಿ. ಪಿಯರ್ಸ್ ಬಟ್ಟೆಯ ಜ್ಯಾಮಿತಿಯನ್ನು ಗಣಿತಕ್ಕೆ ತಂದಾಗ ದುಂಡು ಅಡ್ಡಛೇದದಿಂದ (ಎಳೆಯನ್ನು ಅಡ್ಡ ಕೊಯ್ದಾಗ ಕಾಣುವ ಆಕಾರ) ಆರಂಭಿಸಿದ್ದರು. ಹುರಿಗೊಳಿಸಿದ ಹತ್ತಿ ನೂಲಿಗೆ ಅದು ಸರಿ, ಚಪ್ಪಟೆಯಾಗಿ ಮಲಗುವ ಗಾಜಿನ ಎಳೆಗೆ ಅಲ್ಲ. ಹಾಗೆಂದು ಎಲ್ಲರೂ ಕಣ್ಣು ಮುಚ್ಚಿ ದೀರ್ಘವೃತ್ತವನ್ನು ಆರಿಸುತ್ತಾರೆ. ಗಂಟು ಬೀಳುವುದು ಇಲ್ಲಿಯೇ.

ದಾಟುವ ಬಿಂದುವಿನಲ್ಲಿ ಎರಡೂ ಎಳೆಗಳು ಸರಿಯಾಗಿ ತಾಗಿ ನಿಂತಿವೆ, ತಪ್ಪು ಕಾಣುವುದಿಲ್ಲ. ಅಲ್ಲಿಂದ 1 ಮಿ.ಮೀ. ಆಚೆ ಹೋಗಿ ನೋಡಿ. ಹಾಸಿನ ಮಧ್ಯರೇಖೆ 0.096ಕ್ಕೆ ಇಳಿದಿದೆ, ಆದ್ದರಿಂದ ಅದರ ತಳ −0.044ರಲ್ಲಿದೆ. ದೀರ್ಘವೃತ್ತದ ಹೊಕ್ಕಿನ ನೆತ್ತಿಯಾದರೋ ಅದೇ ಜಾಗದಲ್ಲಿ −0.024ರಲ್ಲಿದೆ. ಅಂದರೆ 0.02 ಮಿ.ಮೀ.ನಷ್ಟು, ಎಳೆಯ ದಪ್ಪದ ಸುಮಾರು ಹದಿನಾಲ್ಕನೆಯ ಒಂದು ಪಾಲು, ಒಂದರೊಳಗೊಂದು ಹೊಕ್ಕಿದೆ. ದೀರ್ಘವೃತ್ತದ ಹೆಗಲು ಎತ್ತರವಾಗಿದ್ದು ಅಂಚಿನಲ್ಲಿ ಕಡಿದಾಗಿ ಇಳಿಯುತ್ತದೆ, ನುಣುಪಾಗಿ ಬಾಗುವ ಸ್ಪ್ಲೈನ್ ಆ ಹೆಗಲನ್ನು ಬಳಸಿಕೊಂಡು ಹೋಗಲಾರದು ಎಂಬುದೇ ಇದಕ್ಕೆ ಕಾರಣ. ಹೆಚ್ಚು ಬಿಂದುಗಳನ್ನು ತುರುಕಿ ಸರಿಪಡಿಸಲು ಹೋದರೆ ಎಳೆ ಅಂಕುಡೊಂಕಾಗುತ್ತದೆ. ಎಳೆಗಳನ್ನು ದೂರ ಸರಿಸಿದರೆ ಬಟ್ಟೆಯ ದಪ್ಪವೇ ಸುಳ್ಳಾಗುತ್ತದೆ.

ನನ್ನ ಖಚಿತ ಸಲಹೆ ಮಸೂರದಾಕಾರದ, ಅಂದರೆ ಎರಡು ಕಮಾನುಗಳು ಚೂಪು ತುದಿಗಳಲ್ಲಿ ಕೂಡುವ, ಅಡ್ಡಛೇದ. ಅದೇ ಅಗಲ, ಅದೇ ದಪ್ಪಕ್ಕೆ 1 ಮಿ.ಮೀ. ದೂರದಲ್ಲಿ ಅದರ ನೆತ್ತಿ −0.043ರಲ್ಲಿರುತ್ತದೆ, ಹಾಸಿನ ತಳಕ್ಕೆ ಬಹುತೇಕ ತಾಗಿಕೊಂಡೇ. ಉಳಿಯುವ ಕೂದಲೆಳೆಯಷ್ಟು ಅತಿಕ್ರಮಣವನ್ನು ಎತ್ತರದ ಅಂಕಿಯನ್ನು 0.14ರಿಂದ 0.143ಕ್ಕೆ ಏರಿಸಿ ತೆಗೆಯಬಹುದು. ಚಿತ್ರವನ್ನು ತಿರುಗಿಸಿ ನೋಡಿ ತೃಪ್ತರಾಗದೆ, ಪ್ರತಿ 0.1 ಮಿ.ಮೀ.ಗೆ ಹಾಸಿನ ತಳದಿಂದ ಹೊಕ್ಕಿನ ನೆತ್ತಿಯನ್ನು ಕಳೆದು, ಋಣ ಬಂದರೆ ಎಚ್ಚರಿಸುವ ನಾಲ್ಕಾರು ಸಾಲುಗಳನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ.

ಆಕಾರ ಬದಲಿಸಿದ ಮೇಲೆ ನಾರಿನ ಪ್ರಮಾಣವನ್ನೂ ನೋಡಬೇಕು. 1200 ಟೆಕ್ಸ್ ಎಳೆಯಲ್ಲಿ, ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.55 ಗ್ರಾಂ ಎಂದು ಹಿಡಿದರೆ, ನಾರು ಸುಮಾರು 0.47 ಚದರ ಮಿ.ಮೀ. ಆಕ್ರಮಿಸುತ್ತದೆ. ನಮ್ಮ ಮಸೂರದ ವಿಸ್ತೀರ್ಣ 0.67, ಆದ್ದರಿಂದ ನಾರಿನ ಪ್ರಮಾಣ 0.47 ÷ 0.67, ಅಂದರೆ 0.70. ದುಂಡು ನಾರುಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ 0.907 ದಾಟದು, ಆದ್ದರಿಂದ ನಿಮ್ಮ ಲೆಕ್ಕ 0.8ರ ಮೇಲೆ ಹೋದರೆ ಅಗಲ ಅಥವಾ ದಪ್ಪದ ಅಳತೆ ತಪ್ಪಿದೆ ಎಂದೇ ತಿಳಿಯಿರಿ.

ಆವರ್ತನೆ ಮತ್ತು ಚೌಕಟ್ಟು

ಪ್ರತಿ ಎಳೆಗೂ ಎರಡೂ ದಿಕ್ಕಿನಲ್ಲಿ 8 ಮಿ.ಮೀ. ಆವರ್ತನೆ ಕೊಟ್ಟು, ಮೇಲೆ ಕೆಳಗೆ ±0.29 ಮಿ.ಮೀ. ಚೌಕಟ್ಟು ಹಾಕಿ. ಅಳತೆಗಳನ್ನೆಲ್ಲ ಸ್ಕ್ರಿಪ್ಟಿನ ತಲೆಯಲ್ಲೇ ಹೆಸರು ಕೊಟ್ಟು ಬರೆದಿದ್ದರೆ, ಬೇರೆ ತೂಕದ ಬಟ್ಟೆ ಬಂದಾಗ ಅಂತರ, ಅಗಲ, ದಪ್ಪ, ಟೆಕ್ಸ್ ಇಷ್ಟನ್ನು ಬದಲಿಸಿ ಅತಿಕ್ರಮಣದ ಪರೀಕ್ಷೆಯನ್ನು ಮತ್ತೆ ಓಡಿಸಬಹುದು.