ಬಿದರಿ ಪಲಂಗಕ್ಕೆ ನಾಲ್ಕನೇ ಕಾಲು

ಬಿದರಿ ಅಂದರೆ ಸತು-ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಉಳಿದ ಮೈಯನ್ನು ಕಪ್ಪು ಮಾಡುವ ನಮ್ಮ ಬೀದರಿನ ಕೆಲಸ. ಈ ಪಲಂಗದ ಕಾಲು ಕಪ್ಪಾಗಲ್ಲ ಅಂದಿದ್ದರು. ಒಂದಡಿಗೂ ಜಾಸ್ತಿ ಎತ್ತರದ ಕಾಲು, ಅದೂ ಒಳಗೆ ಪೊಳ್ಳು. ಎರಕದಲ್ಲೇ ಸೀಳುತ್ತೆ, ಸೀಳದಿದ್ದರೂ ಬಣ್ಣ ತೇಪೆ ತೇಪೆಯಾಗಿ ಕೂರುತ್ತೆ ಅಂತ ಬೀದರಿನ ನಮ್ಮ ಓಣಿಯ ಹಿರಿಯರೇ ಹೇಳಿದ್ದು. ಈಗ ಆ ಕಾಲು ಹೈದರಾಬಾದಿನ ಒಂದು ಹಳೇ ಮನೆಯಲ್ಲಿ ಪಲಂಗ ಹೊತ್ತು ನಿಂತಿದೆ.

ನಿಜಾಮರ ಕಾಲದ ಪಲಂಗ ಅದು. ಮೂರು ಬಿದರಿ ಕಾಲು ಗಟ್ಟಿ ಇದ್ದವು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಮೈತುಂಬಾ ಗಸಗಸೆ ಹೂವಿನ ಬಳ್ಳಿ. ದಂಟಿಗೆ ಬೆಳ್ಳಿ ತಂತಿ, ಹೂವಿನ ಎಸಳಿಗೆ ಬೆಳ್ಳಿ ತಗಡು. ಆ ತಗಡಿನ ಮೇಲೆ ಕಲಮಿನಿಂದ (ಕೆತ್ತುವ ಸಣ್ಣ ಉಳಿ) ಎಳೆದ ಗೀರು ಉಗುರಿಗೆ ಸಿಗುತ್ತಿತ್ತು, ಅಷ್ಟು ಚೊಕ್ಕ.

ಲೋಹ ನಮ್ಮ ಮಾಮೂಲಿ ಲೆಕ್ಕವೇ, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು 419 ಡಿಗ್ರಿಗೆಲ್ಲ ಕರಗುತ್ತೆ, ತಾಮ್ರ ಬೇಗ ಬೆರೆಯಲಿ ಅಂತ ಬೆಂಕಿ ಏರಿಸಿದರೆ ಬಿಳಿ ಹೊಗೆ ಎದ್ದು ದುಡ್ಡೂ ಹೊಗೆ, ರಾತ್ರಿ ಚಳಿಜ್ವರವೂ ಗ್ಯಾರಂಟಿ. ತೊಂದರೆ ಕೊಟ್ಟಿದ್ದು ಕಾಲು ಪೊಳ್ಳಾಗಲಿ ಅಂತ ಅಚ್ಚಿನೊಳಗೆ ಇಡುವ ಮಣ್ಣಿನ ತಿರುಳು. ಲೋಹ ಆರುತ್ತಾ ಕುಗ್ಗುತ್ತೆ, ತಿರುಳು ಜಗ್ಗಲ್ಲ, ಟಿಕ್ ಅಂತ ಸೀಳು. ನಾಲ್ಕೋ ಐದೋ ಎರಕ ಹೀಗೇ ಹೋದವು. ಲೋಹ ಮತ್ತೆ ಕರಗಿಸಬಹುದು ಬಿಡಿ, ಇದ್ದಿಲು ಮತ್ತು ಕೂಲಿ ವಾಪಸ್ ಬರಲ್ಲ. ಎಂಟು ಸಾವಿರದ ಹತ್ತಿರ ಅಲ್ಲೇ ಕರಗಿತು. ಕೊನೆಗೆ ತಿರುಳಿಗೆ ಮರದ ಪುಡಿ ಜಾಸ್ತಿ ಸೇರಿಸಿ ಸುಟ್ಟೆ. ಪುಡಿ ಉರಿದು ಮಣ್ಣು ಸಡಿಲವಾಯಿತು, ಲೋಹ ಕುಗ್ಗುವಾಗ ತಿರುಳೇ ಪುಡಿಯಾಗಿ ಜಾಗ ಬಿಟ್ಟಿತು. ಕಾಲನ್ನು ಒಂದೇ ಸಲಕ್ಕೆ ಎರೆಯುವ ಹಟವನ್ನೂ ಬಿಟ್ಟೆ. ಸುರಾಹಿಗೆ (ಉದ್ದ ಕತ್ತಿನ ಹೂಜಿ) ಕತ್ತು ಬೇರೆ, ಹೊಟ್ಟೆ ಬೇರೆ ಎರೆದು ಕೂಡಿಸಲ್ವಾ, ಹಾಗೇ ಎರಡು ತುಂಡು ಮಾಡಿ ನಡುವಿನ ಬಳೆಯ ಹತ್ತಿರ ಬೆಸೆದೆ. ಬೆಸುಗೆ ಕಪ್ಪಾಗಲ್ಲ, ಬೂದು ಗೆರೆ ಎದ್ದು ಕಾಣುತ್ತೆ. ಅದರ ಮೇಲೇ ಕಾಲುವೆ ಕೊರೆದು ಬೆಳ್ಳಿ ಪಟ್ಟಿ ಬಡಿದು ಕೂರಿಸಿದೆ. ಈಗ ಜೋಡಣೆ ಎಲ್ಲಿದೆ ತೋರಿಸಿ ಅಂದರೆ ಯಾರೂ ತೋರಿಸಲ್ಲ. ಭಾರ ಹೊರುವುದು ಒಳಗಿನ ತೇಗದ ಗೂಟ.

ಬೆಳ್ಳಿ ಆಗ ಕಿಲೋಗೆ ಎಪ್ಪತ್ತು ಸಾವಿರದ ಆಸುಪಾಸು. ನೂರು ಗ್ರಾಂ ಮೇಲೆ ಹಿಡಿಯಿತು. ಹೊರಗಿನ ಒಬ್ಬರ ಹತ್ತಿರ ತಂದ ತಂತಿ ಗಡಸು, ಬಡಿದಷ್ಟೂ ಗೀರಿನಿಂದ ಎದ್ದು ಬರುತ್ತಿತ್ತು. ಕಾಯಿಸಿ ಮೆತ್ತಗೆ ಮಾಡಿದ ಮೇಲೇ ಕೂತಿದ್ದು.

ಇನ್ನು ಬಣ್ಣ. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್), ನೀರು, ಇಷ್ಟು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮಣ್ಣು ಕೋಟೆಯ ಯಾವ ಮೂಲೆಯದು, ಎಷ್ಟಕ್ಕೆ ಎಷ್ಟು ನವಸಾಗರ ಅನ್ನೋದನ್ನ ಕೇಳಬೇಡಿ, ಮಗನಿಗೂ ಇನ್ನೂ ಹೇಳಿಲ್ಲ. ನಾಲಿಗೆಗೆ ಹಾಕಿ ನೋಡಿಯೇ ಮಣ್ಣು ಆರಿಸಿದ್ದು ಅಂತ ಮಾತ್ರ ಹೇಳ್ತೀನಿ. ಡಬ್ಬಿಗೆ, ಹೂದಾನಿಗೆ ಸಾಕಾಗುವ ವಿಧಾನ ಇಲ್ಲಿ ಸಾಲಲ್ಲ. ಮೇಲಿನ ಭಾಗಕ್ಕೆ ಸವರುವಷ್ಟರಲ್ಲಿ ಕೆಳಗಿನದು ಆರಿರುತ್ತೆ, ತೇಪೆ ಬರೋದು ಅದಕ್ಕೇ. ಮದುವೆ ಅಡುಗೆಯವರ ಹತ್ತಿರ ಬಿರಿಯಾನಿ ದೇಗ್ಚಿ ಬಾಡಿಗೆಗೆ ತಂದು (ಏನಕ್ಕೆ ಅಂತ ಹೇಳಲಿಲ್ಲ, ತೊಳೆದು ಕೊಟ್ಟೆ) ಕಾಲನ್ನು ಇಡಿಯಾಗಿ ಒಂದೇ ಸಮ ಬಿಸಿ ಮಾಡಿ, ಪೂರ್ತಿ ಮುಳುಗಿಸಿ, ಹಗ್ಗದಲ್ಲಿ ತಿರುಗಿಸುತ್ತಾ ಇದ್ದೆ. ಹೊರಗೆ ತೆಗೆದು ಒರೆಸಿದರೆ ಕಾಡಿಗೆ ಕಪ್ಪು, ಬೆಳ್ಳಿ ಬೆಳ್ಳಗೆ ಹಾಗೇ ಉಳಿದಿತ್ತು.

ನಡುವೆ ಸುಮ್ನೆ ಹೊಲದ ಮಣ್ಣು, ಕೆರೆ ಮಣ್ಣು ಎಲ್ಲ ಹಾಕಿ ನೋಡಿದ್ದೂ ಆಯ್ತು. ಬೂದು ಬಣ್ಣ ದಾಟಲಿಲ್ಲ. ಮೈಲುತುತ್ತ ಕೆತ್ತನೆಗೆ ಮುಂಚೆ ಗೀರು ಕಾಣಲು ಚೆನ್ನ, ಅದರ ಕಪ್ಪು ನಿಲ್ಲಲ್ಲ. ಉಳಿದ ಲೋಹದಲ್ಲಿ ಎರಡು ಮೀರ್-ಫರ್ಶ್ ಎರೆದೆ, ದರ್ಬಾರಿನಲ್ಲಿ ಹಾಸು ಹಾರದಂತೆ ಮೂಲೆಗೆ ಇಡುತ್ತಿದ್ದ ಭಾರ. ಅವೇ ಮೊದಲು ಮಾರಿಹೋದವು, ಬಾಗಿಲು ತಡೆಯಲು ಇಟ್ಟುಕೊಳ್ಳುತ್ತಾರಂತೆ.

ಒಟ್ಟು ಖರ್ಚು ನಲವತ್ತರ ಹತ್ತಿರ, ಸಿಕ್ಕಿದ್ದು ತೊಂಬತ್ತು ಸಾವಿರ. 2006ರಲ್ಲಿ ಬಿದರಿಗೆ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಬಂತು, ಆದರೂ ಕೀಚೈನ್ ಮಾರಿದರೆ ಇಷ್ಟು ಎಲ್ಲಿ ಬರುತ್ತೆ? ಈಗ ಅದೇ ಹಿರಿಯರೊಬ್ಬರು ಮರದ ಪುಡಿ ಎಷ್ಟು ಹಾಕಿದೆ ಅಂತ ವಿಚಾರಿಸುತ್ತಿದ್ದಾರೆ. ಒಂದು ಹಿಡಿ ಅಂದಿದ್ದೀನಿ. ಯಾರ ಹಿಡಿ ಅಂತ ಹೇಳಿಲ್ಲ.