ಉಕ್ಕಿನ ಕಿಟ್ಟವನ್ನು ಮೊದಲು ಅರಳಲು ಬಿಡಿ, ಆಮೇಲೆ ರಸ್ತೆಗೆ ಹಾಕಿ

ಸುಟ್ಟ ಸುಣ್ಣದ ಕಲ್ಲಿಗೆ ನೀರು ಸುರಿದರೆ ಅದು ಬಿಸಿಯೇರಿ, ಬಿರಿದು, ಅರಳಿ ಪುಡಿಯಾಗುತ್ತದೆ. ಗೋಡೆಗೆ ಸುಣ್ಣ ಬಳಿದ ಮನೆಗಳಲ್ಲಿ ಇದನ್ನು ನೋಡದವರಿಲ್ಲ. ಇದೇ ಅರಳುವಿಕೆ ಡಾಂಬರಿನ ಕೆಳಗೆ ನಡೆದರೆ ರಸ್ತೆ ಉಬ್ಬಿ ಸೀಳುತ್ತದೆ. ಉಕ್ಕಿನ ಕಿಟ್ಟವನ್ನು, ಅಂದರೆ ಉಕ್ಕು ಮಾಡುವಾಗ ಉಳಿಯುವ ಕಲ್ಲಿನಂಥ ಸ್ಟೀಲ್ ಸ್ಲ್ಯಾಗನ್ನು, ಜಲ್ಲಿಯಾಗಿ ಬಳಸುವಾಗ ಮುಕ್ಕಾಲು ಪಾಲು ಎಚ್ಚರ ಇದೊಂದಕ್ಕೇ ಬೇಕು: ಅದರೊಳಗಿರುವ ಸುಣ್ಣ ರಾಶಿಯಲ್ಲೇ ಅರಳಿ ಮುಗಿದಿರಬೇಕು.

ಇದು ಆಗದ ಕೆಲಸವೇನಲ್ಲ. ಸೂರತ್ ಬಳಿಯ ಹಜೀರಾದಲ್ಲಿ 2022ರಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಆರು ಪಥದ, ಸುಮಾರು ಒಂದು ಕಿಲೋಮೀಟರ್ ಉದ್ದದ ರಸ್ತೆಯನ್ನು ಕಲ್ಲುಜಲ್ಲಿಯೇ ಇಲ್ಲದೆ ಕಟ್ಟಲಾಯಿತು. ಅದಕ್ಕೆ ಹಿಡಿದ ಸಂಸ್ಕರಿಸಿದ ಸ್ಲ್ಯಾಗ್ ಸುಮಾರು 1 ಲಕ್ಷ ಟನ್. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದರಿಂದ ಈ ವಿಷಯ ದೂರದ್ದಲ್ಲ.

ಯಾವ ಸ್ಲ್ಯಾಗ್ ಎಂದು ಮೊದಲು ಕೇಳಿ

ಕಾರ್ಖಾನೆಯಿಂದ ಬರುವುದೆಲ್ಲ ಒಂದೇ ಅಲ್ಲ. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯ ಸ್ಲ್ಯಾಗನ್ನು ನೀರಿನಲ್ಲಿ ಥಟ್ಟನೆ ತಣಿಸಿ ಹರಳಾಗಿಸಿದರೆ ಅದು ಸಿಮೆಂಟಿಗೆ ಹೋಗುತ್ತದೆ; ಅದನ್ನು ರಸ್ತೆಗೆ ಸುರಿಯುವುದು ನಷ್ಟ. ರಸ್ತೆಗೆ ಬೇಕಾದದ್ದು ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಊದಿ ಉಕ್ಕು ಮಾಡುವ ಕನ್ವರ್ಟರಿನಿಂದ ಬರುವ ಎಲ್‌ಡಿ ಸ್ಲ್ಯಾಗ್, ಇಲ್ಲವೇ ವಿದ್ಯುತ್ ಕುಲುಮೆಯದು. ಉಕ್ಕನ್ನು ಕೊನೆಯಲ್ಲಿ ಹದಗೊಳಿಸುವ ಲ್ಯಾಡಲ್ ಕುಲುಮೆಯ ಮಾಸಲು ಬಿಳಿ ಸ್ಲ್ಯಾಗ್ ತಣಿಯುವಾಗಲೇ ಒಳಗಿನ ಹರಳು ರೂಪ ಬದಲಿಸಿ, ಹಿಗ್ಗಿ, ತಾನಾಗಿ ಪುಡಿಯಾಗುತ್ತದೆ. ರಾಶಿಯಲ್ಲಿ ಅದು ಬೆರೆತಿದ್ದರೆ ಆ ಲೋಡನ್ನು ತೆಗೆದುಕೊಳ್ಳಲೇಬೇಡಿ.

ಕಬ್ಬಿಣ ತೆಗೆದು, ಒಡೆದು, ನೆನೆಸಿ

ತಣಿದ ಗಟ್ಟಿಗಳನ್ನು ಜಾ ಕ್ರಷರಿಗೆ ಕೊಡುವ ಮುನ್ನ ಒಮ್ಮೆ, ಒಡೆದ ಮೇಲೆ ಇನ್ನೊಮ್ಮೆ ಅಯಸ್ಕಾಂತದ ಕೆಳಗೆ ಹಾಯಿಸಬೇಕು. ಸಿಕ್ಕ ಕಬ್ಬಿಣ ಮತ್ತೆ ಕುಲುಮೆಗೆ ಹೋಗುತ್ತದೆ. ಇದರಲ್ಲಿ ಜಿಪುಣತನ ಮಾಡಿದರೆ ಕ್ರಷರಿನ ದವಡೆ ಹಾಳು. ಮೇಲ್ಪದರದಲ್ಲಿ ಉಳಿದ ಚೂರು ತುಕ್ಕು ಹಿಡಿದು ಕಲೆ ಬಿಡುತ್ತದೆ, ಟೈರಿಗೂ ಚುಚ್ಚುತ್ತದೆ.

ಹಣ್ಣಾಗಿಸುವುದು, ಅಂದರೆ ನೆನೆಸಿ ಸುಣ್ಣವನ್ನು ಅರಳಿಸುವುದು, ಒಡೆದ ಮೇಲೆಯೇ. ಮಂಡೆಗಾತ್ರದ ಗಟ್ಟಿಯನ್ನು ವರ್ಷವಿಡೀ ಮಳೆಗೆ ಬಿಟ್ಟು ಆಮೇಲೆ ಒಡೆದರೆ ಒಳಗಿನ ಸುಣ್ಣ ಅರಳದೆಯೇ ಹೊರಬೀಳುತ್ತದೆ, ಕಾದದ್ದೆಲ್ಲ ವ್ಯರ್ಥ. ರಾಶಿ ಎರಡು-ಮೂರು ಮೀಟರಿಗಿಂತ ಎತ್ತರವಾಗದಿರಲಿ. ಸದಾ ತೇವ ಇರುವಂತೆ ನೀರು ಹಾಯಿಸಿ, ಆಗಾಗ ಲೋಡರಿನಿಂದ ಮಗುಚಿ. ಮಗುಚದಿದ್ದರೆ ಮೇಲೆ ಬಿಳಿ ಹೆಪ್ಪು ಕಟ್ಟಿ ನೀರು ಒಳಗಿಳಿಯುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಸುಣ್ಣ ಹೆಚ್ಚಿದ್ದರೆ ವರ್ಷ ದಾಟುವುದೂ ಉಂಟು. ಜಪಾನಿನ ಕಾರ್ಖಾನೆಗಳು ಹಬೆ ಹಾಯಿಸಿ ಇದನ್ನು ಕೆಲವೇ ದಿನಗಳಿಗೆ ಇಳಿಸಿವೆ.

ಸುಣ್ಣದ ಜತೆಗೆ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಕೂಡ ಇರುತ್ತದೆ. ಅದು ಅರಳುವುದು ಬಹಳ ನಿಧಾನ, ವರ್ಷಗಳೇ ಹಿಡಿಯಬಹುದು. ಹಾಗಾಗಿ ಎಷ್ಟು ತಿಂಗಳು ರಾಶಿಯಲ್ಲಿತ್ತು ಎಂಬ ಲೆಕ್ಕವನ್ನು ನಂಬಿ ಕೂರುವಂತಿಲ್ಲ.

ಪರೀಕ್ಷೆಯೇ ತೀರ್ಪುಗಾರ

ಕ್ಷಾರ ಸೋಕಿದರೆ ಬಣ್ಣ ಬದಲಿಸುವ ಫಿನಾಲ್ಫ್ಥಲೀನ್ ಹನಿ ಹಾಕಿ ಗುಲಾಬಿ ಬಣ್ಣ ನೋಡುವವರಿದ್ದಾರೆ. ಅರಳಿದ ಸುಣ್ಣವೂ ಗುಲಾಬಿಯಾಗುತ್ತದೆ, ಅರಳದ್ದೂ ಆಗುತ್ತದೆ. ಅದರಿಂದ ಏನೂ ತಿಳಿಯದು. ನಂಬಬೇಕಾದದ್ದು ಹಿಗ್ಗುವಿಕೆಯ ಪರೀಕ್ಷೆಯನ್ನು. ಸ್ಲ್ಯಾಗನ್ನು ಸಿಬಿಆರ್ (ಮಣ್ಣು, ಜಲ್ಲಿಯ ಭಾರ ತಾಳುವ ಶಕ್ತಿ ಅಳೆಯುವ ಪರೀಕ್ಷೆಯ) ಅಚ್ಚಿನಲ್ಲಿ ಗಟ್ಟಿಸಿ, 70 ಡಿಗ್ರಿ ಬಿಸಿನೀರಿನಲ್ಲಿ ಕನಿಷ್ಠ 7 ದಿನ ಮುಳುಗಿಸಿ, ಡಯಲ್ ಗೇಜಿನಲ್ಲಿ ದಿನಾ ಏರಿಕೆ ಬರೆದುಕೊಳ್ಳಿ. ಅಮೆರಿಕದ ಎಎಸ್‌ಟಿಎಂ ಮಾನಕದಲ್ಲಿ ಮಿತಿ ಶೇ 0.5. ಏಳನೇ ದಿನವೂ ಮುಳ್ಳು ಏರುತ್ತಲೇ ಇದ್ದರೆ ಮಿತಿಯೊಳಗಿದೆ ಎಂದು ಒಪ್ಪಬೇಡಿ, ರಾಶಿಯನ್ನು ಇನ್ನಷ್ಟು ನೆನೆಯಲು ಬಿಡಿ. ಮಾದರಿಯನ್ನು ರಾಶಿಯ ಹೊಟ್ಟೆಯೊಳಗಿಂದ ತೆಗೆಯಬೇಕು. ಮೇಲಿನದು ಯಾವಾಗಲೂ ಪಾಸಾಗುತ್ತದೆ.

ಜಲ್ಲಿಯ ಉಳಿದ ಪರೀಕ್ಷೆಗಳಲ್ಲಿ ಸ್ಲ್ಯಾಗ್ ಸಾಮಾನ್ಯವಾಗಿ ಗೆಲ್ಲುತ್ತದೆ: ಗಟ್ಟಿ, ಒರಟು, ಮೂಲೆ ಮೂಲೆಯಾದ ಕಲ್ಲು. ಎಡವುವುದು ನೀರು ಹೀರುವಿಕೆಯಲ್ಲಿ. ಮೈತುಂಬ ರಂಧ್ರಗಳಿರುವುದರಿಂದ ಡಾಂಬರು ಪದರದ ಜಲ್ಲಿಗಿರುವ ಶೇ 2ರ ಮಿತಿಯನ್ನು ದಾಟುವ ರಾಶಿಗಳಿರುತ್ತವೆ.

ತೂಕದ ಲೆಕ್ಕ ತಪ್ಪಬೇಡಿ

ಗ್ರಾನೈಟಿನ ಸಾಪೇಕ್ಷ ಸಾಂದ್ರತೆ 2.65ರ ಆಸುಪಾಸು, ಸ್ಲ್ಯಾಗಿನದು 3.2ರಿಂದ 3.6. ಏಳು ಮೀಟರ್ ಅಗಲ, 150 ಮಿ.ಮೀ. ದಪ್ಪದ ವೆಟ್ ಮಿಕ್ಸ್ (ನೀರು ಬೆರೆಸಿ ಗಟ್ಟಿಸುವ ಜಲ್ಲಿಯ) ಪದರಕ್ಕೆ ಕಿಲೋಮೀಟರಿಗೆ 1,050 ಘನ ಮೀಟರ್ ಬೇಕು. ಗಟ್ಟಿಸಿದ ಸಾಂದ್ರತೆ 2.25 ಎಂದು ಹಿಡಿದರೆ ಕಲ್ಲುಜಲ್ಲಿ ಸುಮಾರು 2,360 ಟನ್, ಸ್ಲ್ಯಾಗಿಗೆ 2.6 ಹಿಡಿದರೆ 2,730 ಟನ್. ಜಾಗ ಅಷ್ಟೇ, ಬಾಡಿಗೆ ಮಾತ್ರ ಹೆಚ್ಚು. ಕಾರ್ಖಾನೆ ದೂರವಿದ್ದು ಪಕ್ಕದಲ್ಲೇ ಕ್ವಾರಿ ಇದ್ದರೆ ಈ ಉಸಾಬರಿ ಬೇಡ. ಟಿಪ್ಪರನ್ನು ಎಂದಿನಂತೆ ಅಂಚಿನವರೆಗೆ ತುಂಬಿಸಿದರೆ ಓವರ್‌ಲೋಡ್ ಖಚಿತ.

ಮಿಶ್ರಣದಲ್ಲೂ ಇದೇ ತೊಡಕು. ಗಾತ್ರದಲ್ಲಿ 60 ಪಾಲು ಸ್ಲ್ಯಾಗ್ (3.4), 40 ಪಾಲು ಕಲ್ಲುಪುಡಿ ಬೇಕೆಂದರೆ ತೂಕದಲ್ಲಿ ಹಾಕಬೇಕಾದದ್ದು 66:34. ಇದನ್ನು ಮರೆತು ತೂಕದಲ್ಲೇ 60:40 ಹಾಕಿದರೆ ಪುಡಿ ಹೆಚ್ಚಾಗಿ ಮಿಶ್ರಣ ಕೆಡುತ್ತದೆ.

ಡಾಂಬರು ಮಿಶ್ರಣ

ಮೊದಲ ಸಲ ಮಾಡುವವರು ದಪ್ಪ ಜಲ್ಲಿಗಷ್ಟೇ ಸ್ಲ್ಯಾಗ್ ಬಳಸಿ, ಪುಡಿಗೆ ಕಲ್ಲನ್ನೇ ಉಳಿಸಿಕೊಳ್ಳುವುದು ಕ್ಷೇಮ. ಎರಡೂ ಸ್ಲ್ಯಾಗಾದರೆ ಖಾಲಿಜಾಗ ಹೆಚ್ಚಿ ಡಾಂಬರು ಕುಡಿಯುತ್ತದೆ. ಡಾಂಬರು ಮಿಶ್ರಣವನ್ನು ಪರೀಕ್ಷಿಸುವ ಮಾರ್ಷಲ್ ಅಚ್ಚಿಗೆ ರೂಢಿಯ 1,200 ಗ್ರಾಂ ಸಾಲದು, 63.5 ಮಿ.ಮೀ. ಎತ್ತರ ಬರಲು 1,350 ಗ್ರಾಮಿನ ಹತ್ತಿರ ಬೇಕಾಗಬಹುದು. ಶೇ 5 ಡಾಂಬರು ಎಂದರೆ 2.40 ಸಾಂದ್ರತೆಯ ಮಿಶ್ರಣದಲ್ಲಿ ಘನ ಮೀಟರಿಗೆ 120 ಕಿಲೋ, 2.75ರಲ್ಲಿ 137.5 ಕಿಲೋ. ಶೇಕಡಾವಾರು ಕಡಿಮೆ ಕಂಡಿತೆಂದು ಉಳಿತಾಯವಾಯಿತು ಎನ್ನಬೇಡಿ, ಘನ ಮೀಟರಿನ ಲೆಕ್ಕ ನೋಡಿ.

ಡ್ರೈಯರಿನಲ್ಲಿ ಸ್ಲ್ಯಾಗಿಗೆ ಹೆಚ್ಚು ಹೊತ್ತು ಕೊಡಿ. ರಂಧ್ರದೊಳಗೆ ತೇವ ಉಳಿದರೆ ಆಮೇಲೆ ಆವಿಯಾಗಿ ಡಾಂಬರಿನ ಪೊರೆಯನ್ನು ಕಲ್ಲಿನಿಂದ ಬಿಡಿಸುತ್ತದೆ. ವಿಜಿ-30 ದರ್ಜೆಯ ಡಾಂಬರಾದರೆ ಮಿಶ್ರಣದ ಬಿಸಿ 150ರಿಂದ 165 ಡಿಗ್ರಿ, ಹಾಸುವಾಗ 140ಕ್ಕೆ ಕಡಿಮೆಯಾಗಬಾರದು. ಸ್ಲ್ಯಾಗ್ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ರೋಲರಿಗೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಚಳಿಗಾಲದ ರಾತ್ರಿ ಕೆಲಸಕ್ಕೆ ಇದು ಒಳ್ಳೆಯದೇ.

ಎಲ್ಲಿ ಹಾಕಬಾರದು

ಹಿಗ್ಗಲು ಜಾಗವಿಲ್ಲದ ಕಡೆ ಬೇಡ: ಕಟ್ಟಡದ ನೆಲದಡಿ, ಸೇತುವೆಯ ಗೋಡೆಯ ಹಿಂದೆ. ಅಲ್ಲಿ ಅರ್ಧ ಪರ್ಸೆಂಟೂ ಗೋಡೆಯನ್ನು ತಳ್ಳಬಲ್ಲದು. ಬಾವಿ, ಕೆರೆ, ಹಳ್ಳದ ಅಂಚಿನಲ್ಲೂ ಬೇಡ. ಡಾಂಬರು ಬೆರೆಸದ ಪದರದಿಂದ ಬಸಿಯುವ ನೀರು ಸುಣ್ಣದ ತಿಳಿಯಂತೆ ಕ್ಷಾರವಾಗಿರುತ್ತದೆ.

ಆ ನೀರು ಗಾಳಿ ಸೋಕಿದ ಕಡೆ ಬಿಳಿ ಹೆಪ್ಪು ಕಟ್ಟುತ್ತದೆ, ಮುಖ್ಯವಾಗಿ ಬಸಿಗಾಲುವೆಯ ಪೈಪಿನ ಬಾಯಲ್ಲಿ. ಅದು ಮುಚ್ಚಿಕೊಂಡರೆ ನೀರು ಪದರದೊಳಗೇ ನಿಂತು, ಅರಳದೆ ಉಳಿದ ಸುಣ್ಣಕ್ಕೆ ಮತ್ತೆ ಜೀವ ಬರುತ್ತದೆ. ಮೊದಲ ಮಳೆಗಾಲ ಮುಗಿದ ಕೂಡಲೇ ಪ್ರತಿ ಪೈಪಿನ ಬಾಯಿ ನೋಡಿ, ಹೆಪ್ಪು ಕಂಡರೆ ಸಲಾಕೆಯಿಂದ ಕೆರೆದು ತೆಗೆಯಿರಿ.